ಲೊಚ್ ಎಂದು ಶುರುವಾಗುವ ಹೆಸರು

ನಾನು ಡಿಗ್ರಿ ಮಾಡುವುದು ಆಗುವ ಮಾತಲ್ಲ ಎಂದು ಮೊದಲು ಹೇಳಿದವಳು ನನ್ನ ಅಮ್ಮ. ಬಾಯಿಬಿಟ್ಟು ಹೇಳಲಿಲ್ಲ. ಮಡಿಲ ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಕೂತಿದ್ದವಳು ತಲೆ ಎತ್ತದೆ ಒಮ್ಮೆ ಲೊಚಗುಟ್ಟಿದಳು, ಅಷ್ಟೆ. ಅಪ್ಪ ಕುಂದಾಪುರದ ಕಡೆ ಹಂಚಿನ ಕಾರ್ಖಾನೆಯಲ್ಲಿದ್ದರು. ನಮ್ಮ ಮನೆಯಲ್ಲಿ ಪಿಯುಸಿ ಮುಟ್ಟಿದವಳೇ ನಾನೊಬ್ಬಳು. ಅಮ್ಮನ ಆ ಶಬ್ದದಲ್ಲಿ ಕನಿಕರವೂ ಇತ್ತು, ತೀರ್ಪೂ ಇತ್ತು. ಹದಿನೆಂಟು ವರ್ಷ ಕಳೆದ ಮೇಲೆ, ಮದುವೆಯಾಗಿ ಸ್ವೀಡನ್ನಿನ ವೆಸ್ಟೆರಾಸಿಗೆ ಬಂದು, ಭಾಷೆ ಕಲಿತು, ವೃದ್ಧರ ಆರೈಕೆಯ ಮನೆಯಲ್ಲಿ ಸಹಾಯಕಿಯಾಗಿ ದುಡಿದು, ಇನ್ನು ನರ್ಸಿಂಗ್ ಪದವಿಗೆ ಸೇರುತ್ತೇನೆ ಎಂದಾಗ ಇಲ್ಲಿನ ಸಲಹೆಗಾರ್ತಿಯೊಬ್ಬಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ "ಅಸಾಧ್ಯ ಎಂದು ನಾನು ಹೇಳುವುದಿಲ್ಲ" ಎಂದಳು. ಈ ದೇಶದಲ್ಲಿ ಹಾಗೆಂದರೆ ಏನರ್ಥ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು.

ಈಗ ನನ್ನ ಹತ್ತಿರ ಪದವಿ ಇದೆ. ನಮ್ಮ ಮನೆತನದಲ್ಲಿ ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಇಲ್ಲಿ ಬರೆಯಹೊರಟದ್ದು ನನ್ನ ಬಗ್ಗೆ ಅಲ್ಲ, ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ನಡುವೆ ನನಗೆ ಮಾತು ಕಲಿಸಿ, ಈ ಏಪ್ರಿಲಿನಲ್ಲಿ ತೀರಿಕೊಂಡ ಒಬ್ಬ ನಟರ ಬಗ್ಗೆ.

ಅವರ ಹೆಸರು ಬರೆಯುತ್ತಿಲ್ಲ. ಗುಟ್ಟು ಮಾಡಲು ಅಲ್ಲ, ಬರೆಯಲು ಬರುವುದಿಲ್ಲ. ಅವರ ಹೆಸರಿನ ಮೊದಲ ಅಕ್ಷರ, ನನ್ನ ಅಮ್ಮ ಮಾಡಿದ ಆ ಶಬ್ದ. ನಾಲಿಗೆಯನ್ನು ಮೇಲಿನ ಹಲ್ಲಿಗೆ ತಾಗಿಸಿ ಎಳೆದು ಬಿಡಬೇಕು. ಅವರ ಭಾಷೆಯಲ್ಲಿ ಅದು ಕ, ಗ ಇದ್ದ ಹಾಗೆ ಒಂದು ವ್ಯಂಜನ. ನಮಗೆ 'ಲೊಚಗುಟ್ಟು' ಎಂಬ ಕ್ರಿಯಾಪದವಿದೆ, ಶಬ್ದಕ್ಕೆ ಅಕ್ಷರವಿಲ್ಲ.

ಇಲ್ಲಿನ ಬಾಡಿಗೆ ಕಟ್ಟಡಗಳಲ್ಲಿ ಎಲ್ಲರಿಗೂ ಸೇರಿ ಒಂದೇ ಒಗೆಯುವ ಕೋಣೆ. ಗೋಡೆಯ ಮೇಲೆ ಒಂದು ಹಲಗೆ, ಅದರಲ್ಲಿ ವಾರದ ದಿನಗಳಿಗೂ ಗಂಟೆಗಳಿಗೂ ತೂತುಗಳು. ಪ್ರತಿ ಮನೆಗೂ ಮನೆ ನಂಬರು ಕೊರೆದ ಒಂದು ಬೀಗದ ತುಂಡು ಇರುತ್ತದೆ. ಅದನ್ನು ಬೇಕಾದ ತೂತಿಗೆ ಸಿಕ್ಕಿಸಿ ಕೀಲಿ ತಿರುಗಿಸಿದರೆ ಆ ಹೊತ್ತು ನಮ್ಮದು. ಬೇರೆಯವರ ಹೊತ್ತಿನಲ್ಲಿ ಬಟ್ಟೆ ಹಾಕುವುದು ದೊಡ್ಡ ತಪ್ಪು. ನಾನು ಈ ಕಟ್ಟಡಕ್ಕೆ ಬಂದ ಮೊದಲ ವಾರವೇ, ಬುಧವಾರವೆಂದುಕೊಂಡು, ಗುರುವಾರದ ಮಧ್ಯಾಹ್ನ ಮೂರೂ ಯಂತ್ರಗಳಿಗೆ ಬಟ್ಟೆ ತುಂಬಿಸಿಬಿಟ್ಟಿದ್ದೆ. ಬಾಗಿಲು ತೆರೆದು ಒಳಬಂದವರು ಎತ್ತರದ, ಕಪ್ಪು ಮೈಬಣ್ಣದ, ನರೆತ ಗಡ್ಡದ ಮನುಷ್ಯ. ಕೈಯಲ್ಲಿ ಒಂದೇ ಒಂದು ಹಾಸಿಗೆ ಬಟ್ಟೆ. ನಾನು ಕ್ಷಮೆ ಕೇಳುತ್ತ ತಡಬಡಿಸಿದೆ.

"ನಿಲ್ಲಿಸಬೇಡ. ನನ್ನದು ಇಷ್ಟೇ. ಹೆಸರೇನು?"

"ಯಲಯಾ."

"ನಿನ್ನ ಅಮ್ಮ ಹಾಗೆ ಕರೀತಾರಾ?"

ಸ್ವೀಡಿಷ್‌ನಲ್ಲಿ ಜಕಾರವನ್ನು ಯಕಾರವಾಗಿ ಓದುತ್ತಾರೆ. ಜಲಜಾ ಎಂದು ನೂರು ಸಲ ತಿದ್ದಿ ಸಾಕಾಗಿ ನಾನೇ ಯಲಯಾ ಆಗಿಬಿಟ್ಟಿದ್ದೆ. ನಿಜ ಹೆಸರು ಹೇಳಿದೆ. ಅವರು ತಮ್ಮ ಹೆಸರು ಹೇಳಿದರು. ನಾನು ಯೋಚಿಸದೆ ಅದನ್ನೇ ತಿರುಗಿ ಹೇಳಿದೆ, ಲೊಚ್ ಸಮೇತ. ಬಾಲ್ಯವಿಡೀ ಅದನ್ನು ಕೇಳಿಯೇ ಬೆಳೆದವಳಿಗೆ ಅದೇನು ಕಷ್ಟ?

ಅವರು ಬೆಂಚಿನ ಮೇಲೆ ಕೂತುಬಿಟ್ಟರು.

"ಇನ್ನೊಮ್ಮೆ ಹೇಳು," ಎಂದರು. ಹೇಳಿದೆ. ಜೇಬಿನಿಂದ ಕೀಲಿಗೊಂಚಲು ತೆಗೆದು, ಅದಕ್ಕೆ ನೇತುಹಾಕಿದ್ದ, ಬಿಸ್ಕೆಟಿನಷ್ಟು ಅಗಲದ ಒಂದು ಸವೆದ ಮರದ ಬಿಲ್ಲೆಯನ್ನು ನನ್ನ ಮುಂದೆ ಹಿಡಿದು, "ಸಿಕ್ಕಿಬಿದ್ದೆ," ಎಂದು ನಕ್ಕರು. ಏನು ಎಂದು ಆವತ್ತು ಅರ್ಥವಾಗಲಿಲ್ಲ.

ಅವರು ಹುಟ್ಟಿದ್ದು ಈಗ ಜಿಂಬಾಬ್ವೆ ಎನ್ನುವ ದೇಶದ ದಕ್ಷಿಣದಲ್ಲಿ, ಮಳೆ ಕಡಿಮೆಯಾದ ಮೇಕೆಗಳ ಸೀಮೆಯಲ್ಲಿ. ಆಗ ಅದನ್ನು ಬಿಳಿಯರು ಆಳುತ್ತಿದ್ದರು. ಅಪ್ಪ ಪ್ರಾಥಮಿಕ ಶಾಲೆಯ ಮಾಷ್ಟ್ರು. ಇವರು ಓದಿದ್ದು ಸ್ವೀಡನ್ನಿನ ಪಾದ್ರಿಗಳು ನಡೆಸುತ್ತಿದ್ದ ಒಂದು ಮಿಶನ್ ಶಾಲೆಯಲ್ಲಿ. ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಮನೆಮಾತು ಆಡಬಾರದು. ಆಡಿದವರ ಕೊರಳಿಗೆ ದಾರಕಟ್ಟಿದ ಆ ಮರದ ಬಿಲ್ಲೆ ಬೀಳುತ್ತಿತ್ತು. ಅದನ್ನು ಕಳಚಬೇಕಾದರೆ ಮನೆಮಾತು ಆಡುವ ಇನ್ನೊಬ್ಬನನ್ನು ಹಿಡಿದು, ಸಿಕ್ಕಿಬಿದ್ದೆ ಎಂದು ಅವನ ಕೊರಳಿಗೆ ಹಾಕಬೇಕು. ಸಂಜೆ ಯಾರ ಕೊರಳಲ್ಲಿದೆಯೋ ಅವರು ಶಾಲೆಯ ಅಂಗಳವಿಡೀ ಗುಡಿಸಬೇಕು.

"ನಾನು ಹಿಡಿಯೋದರಲ್ಲಿ ದಡ್ಡ. ದಿನಾ ಗುಡಿಸ್ತಿದ್ದೆ," ಎನ್ನುತ್ತಿದ್ದರು. "ಆಮೇಲೆ ಬಾಯಿ ಬಿಡದೆ ಹೇಳೋದು ಕಲಿತೆ. ಹುಬ್ಬಿನಲ್ಲಿ, ಭುಜದಲ್ಲಿ, ನಿಲ್ಲೋ ಭಂಗಿಯಲ್ಲಿ. ಇಲ್ಲಿ ಎಲ್ಲರೂ ಕೇಳ್ತಾರೆ, ಅಭಿನಯ ಯಾವ ಸಂಸ್ಥೆಯಲ್ಲಿ ಕಲಿತೆ ಅಂತ. ಅಂಗಳ ಗುಡಿಸ್ತಾ ಕಲಿತೆ."

ಅವರ ಹೆಸರನ್ನು ಹೇಳಲು ಬಾರದ ಹೆಡ್‌ಮಿಸ್ ಬೈಬಲ್ಲಿನ ಒಂದು ಹೆಸರು ಕೊಟ್ಟಿದ್ದಳಂತೆ. ಅವಳ ಬಗ್ಗೆ ಅವರಿಗೆ ಸಿಟ್ಟಿರಲಿಲ್ಲ. ಡಿಸೆಂಬರಿನಲ್ಲಿ ಅವಳು ಸ್ವೀಡನ್ನಿನ ಲೂಸಿಯಾ ಹಬ್ಬ ಮಾಡಿಸುತ್ತಿದ್ದಳು. ಇಲ್ಲಿ ಅದು ಕತ್ತಲೆಯ ಚಳಿಯಲ್ಲಿ ದೀಪ ಹೊತ್ತು ಹಾಡುವ ಹಬ್ಬ. ಅಲ್ಲಿ ಡಿಸೆಂಬರ್ ಎಂದರೆ ಕಡುಬೇಸಗೆ. ಬಿಳಿ ಹಾಸಿಗೆ ಬಟ್ಟೆ ಸುತ್ತಿಕೊಂಡ ಹುಡುಗಿಯರ ತಲೆಯ ಮೇಲಿನ ಮೇಣದಬತ್ತಿಗಳು ಹೊತ್ತಿಸುವ ಮೊದಲೇ ಬಾಗಿಬಿಡುತ್ತಿದ್ದವಂತೆ. ಇವರು ಕಾಗದದ ಚೂಪು ಟೊಪ್ಪಿ ಹಾಕಿಕೊಂಡು, ಬೆವರು ಕಣ್ಣಿಗಿಳಿಯುತ್ತಿರುವಾಗ, ಅರ್ಥವಾಗದ ಭಾಷೆಯಲ್ಲಿ ಹಿಮದ ಬಗ್ಗೆ ಹಾಡುತ್ತಿದ್ದರು. "ಹಿಮ ಅಂದರೆ ಹತ್ತಿ ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೊದಲ ಡಿಸೆಂಬರಿನಲ್ಲಿ ಅಷ್ಟೂ ನುಡಿಗಳನ್ನು ಬಾಯಿಪಾಠ ಹಾಡಿದೆ. ಸ್ವೀಡನ್ನಿನವರಿಗೆ ಮೊದಲನೆಯ ನುಡಿ ಬಿಟ್ಟು ಮುಂದೆ ಬರ್ತಿರಲಿಲ್ಲ. ಗೊಣಗ್ತಾ ನಿಂತಿದ್ರು."

ಕೊನೆಯ ಪರೀಕ್ಷೆಗೆ ಕೆಲವೇ ವಾರಗಳಿರುವಾಗ ಯುದ್ಧ ಹತ್ತಿರ ಬಂದು ಶಾಲೆ ಮುಚ್ಚಿತು. ಇವರು ಗಡಿ ದಾಟಿ ನಡೆದರು. ಬೇರೆ ಬೇರೆ ಶಿಬಿರಗಳಲ್ಲಿ ಇದ್ದು, ಬಾಯಲ್ಲಿದ್ದ ನಾಲ್ಕು ಸ್ವೀಡಿಷ್ ಹಾಡುಗಳ ಬಲದಿಂದಲೋ ಏನೋ, ಇಲ್ಲಿಗೆ ಬಂದು ಸೇರಿದರು. ಊರೂರು ಸುತ್ತುವ ನಾಟಕ ತಂಡವೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಇದ್ದರು. ಯಾವ ಶಾಲೆಯ ಪ್ರಮಾಣಪತ್ರವೂ ಅವರ ಹತ್ತಿರ ಇರಲಿಲ್ಲ. ಬಿಲ್ಲೆ ಮಾತ್ರ ಇತ್ತು. ಶಾಲೆ ಮುಚ್ಚಿದ ದಿನ ಅದು ಇವರ ಕೊರಳಲ್ಲಿತ್ತು.

"ಇನ್ನೂ ನನ್ನದೇ ಸರದಿ," ಎಂದರು ಒಮ್ಮೆ, ಯಂತ್ರದ ಗಾಜಿನೊಳಗೆ ತಮ್ಮ ಹಾಸಿಗೆ ಬಟ್ಟೆ ತಿರುಗುವುದನ್ನು ನೋಡುತ್ತ. "ದಾಟಿಸಬೇಕು ಅಂದ್ರೆ ನನ್ನ ಭಾಷೆ ಆಡುವವರು ಸಿಗಬೇಕಲ್ಲ."

ಇಷ್ಟನ್ನೂ ಅವರು ಒಂದೇ ದಿನ ಹೇಳಿದ್ದಲ್ಲ. ಗುರುವಾರ ಮಧ್ಯಾಹ್ನ ಒಂದರಿಂದ ನಾಲ್ಕು ಅವರ ಹೊತ್ತು. ಆ ಹೊತ್ತನ್ನು ಅವರು ನನ್ನೊಂದಿಗೆ ಹಂಚಿಕೊಂಡಿದ್ದರು. ಒಬ್ಬರೇ ಇದ್ದವರಿಗೆ ವಾರವಾರವೂ ಅಷ್ಟು ಹೊತ್ತು ಬೇಡ. ಒಂದು ದಿನ ಅವರ ಬುಟ್ಟಿ ಎತ್ತಿಕೊಟ್ಟಾಗ ಮೂಗಿಗೆ ಸೋಪಿನ ವಾಸನೆ ಬಂತು. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ತಂದಿದ್ದರು. ನಾನು ನೋಡದವಳಂತೆ ಯಂತ್ರಕ್ಕೆ ಹಾಕಿದೆ.

ನನ್ನ ಗಂಡನಿಗೆ ಅವರ ಹೆಸರು ಕೊನೆಗೂ ಬರಲಿಲ್ಲ. "ಎಂತ ಮಾರಾಯ್ತಿ, ಹೆಸರು ಹೇಳುವಾಗ ನಾಲಿಗೆ ಕಚ್ಚಿಕೊಳ್ಳುತ್ತದೆ" ಎಂದು 'ಥಿಯೇಟರ್ ಅಂಕಲ್' ಮಾಡಿಕೊಂಡರು. ನನಗಿದ್ದ ತೊಂದರೆ ಬೇರೆ. ಇಲ್ಲಿ ಎಂಬತ್ತರ ಮುದುಕರನ್ನೂ ಹೆಸರು ಹಿಡಿದು ಏಕವಚನದಲ್ಲಿ ಕರೆಯಬೇಕು. ಹೆಸರು ಬರುತ್ತಿತ್ತು, ಕರೆಯಲು ಬಾಯಿ ಬರುತ್ತಿರಲಿಲ್ಲ. ಅವರು ಮಾತ್ರ ನನ್ನನ್ನು ಸಿಸಿ ಎನ್ನುತ್ತಿದ್ದರು. ಅವರ ಕಡೆ ತಂಗಿಗೂ ಅದೇ, ನರ್ಸಮ್ಮನಿಗೂ ಅದೇ. ನಮ್ಮಲ್ಲಿ ಸಿಸ್ಟರ್ ಎಂದ ಹಾಗೆ.

ಪಾಠ ಶುರುವಾದದ್ದು ನಾನು ಫೇಲಾದ ಮೇಲೆ. ಕೊನೆಯ ವರ್ಷದ ಮೌಖಿಕ ಪರೀಕ್ಷೆ. ಉತ್ತರದ ತುದಿಯ ಊರಿನಿಂದ ಬಂದ ಪರೀಕ್ಷಕಿ ಕೇಳಿದಳು, ಉಸಿರಾಟ ಕಷ್ಟವಾದ ರೋಗಿಯನ್ನು ಹೇಗೆ ಮಲಗಿಸುತ್ತೀ? ಎಂಟು ವರ್ಷ ಮಾಡಿದ ಕೆಲಸ ಅದು. ಮಲಗಿಸುವುದಿಲ್ಲ, ಬೆನ್ನಿಗೆ ದಿಂಬು ಕೊಟ್ಟು ಕೂರಿಸುತ್ತೇನೆ ಎಂದೆ. ಅವಳು ತುಟಿ ಚೂಪು ಮಾಡಿ ಶುಪ್ ಎಂದು ಉಸಿರನ್ನು ಒಳಕ್ಕೆಳೆದುಕೊಂಡಳು. ನಮ್ಮೂರಿನಲ್ಲಿ ಹಾಗೆ ಉಸಿರೆಳೆದುಕೊಳ್ಳುವುದು ಮಗು ಬಾವಿಕಟ್ಟೆ ಹತ್ತಿದಾಗ. ಏನೋ ಅನಾಹುತ ಹೇಳಿಬಿಟ್ಟೆ ಎಂದುಕೊಂಡೆ. "ಅಂದರೆ... ಅಡ್ಡ ಮಲಗಿಸುತ್ತೇನೆ," ಎಂದೆ. ಮುಂದಿನ ಪ್ರಶ್ನೆಗೂ ಶುಪ್. ಅದನ್ನೂ ಬದಲಿಸಿದೆ. ಸರಿಯಾದ ಉತ್ತರಗಳನ್ನು ಒಂದೊಂದಾಗಿ ತಪ್ಪು ಮಾಡಿಕೊಂಡು ಹೊರಬಂದೆ.

ಕೆಲಸ ಬಿಟ್ಟು ಓದುತ್ತಿದ್ದವಳು ನಾನು. ಮೇ ತಿಂಗಳಿನಲ್ಲಿ ಇನ್ನೊಂದು ಅವಕಾಶವಿತ್ತು. ಅದೂ ಹೋದರೆ ಮತ್ತೊಂದು ವರ್ಷ ತಳ್ಳುವ ಶಕ್ತಿ ನಮ್ಮ ಮನೆಗಿರಲಿಲ್ಲ. ಆ ಗುರುವಾರ ಒಗೆಯುವ ಕೋಣೆಯಲ್ಲಿ ನಡೆದದ್ದು ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಿಸಿ, ಅದು ಹೌದು. ಉತ್ತರದವರ ಹೌದು ಅದು. ಮಾತೇ ಅಲ್ಲ, ಬರೀ ಉಸಿರು."

ಅವರಿಗೂ ಆಗಿತ್ತಂತೆ. ಮೊದಲ ಸಲ ಉತ್ತರದ ಗಣಿ ಊರಿನಲ್ಲಿ ನಾಟಕ. ರಂಗದ ಅಂಚಿಗೆ ಬಂದು ಪ್ರೇಕ್ಷಕರನ್ನು ಒಂದು ಪ್ರಶ್ನೆ ಕೇಳುವ ದೃಶ್ಯ. ಕೇಳಿದರು. ಇಡೀ ಸಭೆ ಒಟ್ಟಿಗೆ ಉಸಿರೆಳೆದುಕೊಂಡಿತು. ಹಿಂದಿನ ಪರದೆಗೆ ಬೆಂಕಿ ಬಿದ್ದಿರಬೇಕೆಂದು ಇವರು ತಿರುಗಿ ನೋಡಿದರಂತೆ.

"ಆದರೆ ತಪ್ಪು ಅವಳದಲ್ಲ," ಎಂದರು ನಗು ನಿಲ್ಲಿಸಿ. "ನೀನು ಬದಲಿಸಿದ್ದು ಯಾಕೆ? ನಿನ್ನ ಉತ್ತರ ನಿನಗೇ ಕೇಳಿಸಿರಲಿಲ್ಲ. ನೀನು ವಾಕ್ಯದ ಕೊನೆ ನುಂಗ್ತೀಯ. ನಿನ್ನ ಭಾಷೆಯಲ್ಲಿ ಕೊನೆಗೆ ಏನು ಬರುತ್ತೆ?"

"ಕ್ರಿಯಾಪದ. ಮಾಡಿದೆನೋ ಮಾಡಲಿಲ್ಲವೋ ಎನ್ನುವುದು ಗೊತ್ತಾಗುವುದೇ ಕೊನೆಗೆ."

"ಅದನ್ನೇ ನುಂಗಿದರೆ ನಿಮ್ಮವರಿಗೆ ಗೊತ್ತಾಗೋದು ಹೇಗೆ?"

"ಮುಖ ನೋಡುತ್ತಾರೆ."

"ನಾನೂ ಹಾಗೇ ಬೆಳೆದವನು. ಇವರು ಮುಖ ನೋಡಲ್ಲ, ಸಿಸಿ."

ಅವತ್ತಿನಿಂದ ಪ್ರತಿ ಗುರುವಾರ ಪಾಠ. ಯಂತ್ರ ಬಟ್ಟೆ ಹಿಂಡಲು ಶುರು ಮಾಡಿ ನೆಲ ನಡುಗುವ ಹೊತ್ತಿಗೆ ಸರಿಯಾಗಿ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, ತಾವು ಆ ಕಡೆಯ ಒಣಗಿಸುವ ಬೀರುವಿನ ಪಕ್ಕ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಪುಸ್ತಕದಿಂದ ಓದಬೇಕು, ಕಿರುಚಬಾರದು. "ಕೊನೆಯ ಸಾಲಿನ ಅಜ್ಜಿಗೆ ಕೇಳಿಸಲಿಲ್ಲ," ಎನ್ನುತ್ತಿದ್ದರು ಕಿವಿಗೆ ಕೈ ಹಿಡಿದು. ಮತ್ತೆ ಓದಿದರೆ, "ಅಜ್ಜಿ ಎದ್ದು ಮನೆಗೆ ಹೋದಳು. ಅವಳಿಗೆ ಬಸ್ಸಿದೆ." ಒಂದು ದಿನ ಮೂರನೆಯ ಮಹಡಿಯ ಹೆಂಗಸು ಏನೋ ಮರೆತದ್ದಕ್ಕೆ ಇಳಿದು ಬಂದವಳು, ನಾನು ಅತಿಸಾರದ ಲಕ್ಷಣಗಳನ್ನು ಗಂಭೀರವಾಗಿ ಘೋಷಿಸುತ್ತಿರುವುದನ್ನೂ ಮುದುಕರೊಬ್ಬರು ಕಣ್ಣು ಮುಚ್ಚಿ ಆಲಿಸುತ್ತಿರುವುದನ್ನೂ ನೋಡಿ ಹಾಗೇ ಹಿಂದಕ್ಕೆ ಹೋದಳು.

ತಮ್ಮ ಪಾತ್ರಗಳ ಬಗ್ಗೆ ಅವರಿಗೆ ಭ್ರಮೆ ಇರಲಿಲ್ಲ. ನಿರಾಶ್ರಿತ, ದ್ವಾರಪಾಲಕ, ದೂರದೇಶದ ರಾಜ, ಟೀವಿಯಲ್ಲಿ ಹೆಣ. "ಈ ದೇಶದಲ್ಲಿ ಹನ್ನೆರಡು ಸಲ ಸತ್ತಿದ್ದೇನೆ. ಒಂದು ಸಲವೂ ಮದುವೆಯಾಗಿಲ್ಲ. ಬಿಳಿ ಗಡ್ಡ ಬಂದ ಮೇಲೆ ಸಾಯೋದಕ್ಕೂ ಕರೀತಿಲ್ಲ."

ಚಳಿಗಾಲದ ಕೊನೆಯಲ್ಲಿ ಒಮ್ಮೆ, ಸರಿಯಾಗಿ ಓದಿ ಮುಗಿಸಿದ ಖುಷಿಯಲ್ಲಿ, ನನ್ನ ಬಾಯಿಂದ "ಈಗ ಕೇಳಿಸಿತಾ ಮಾಷ್ಟ್ರೇ?" ಎಂದು ಬಂದುಬಿಟ್ಟಿತು. ಕನ್ನಡದಲ್ಲೇ.

"ಏನು ಕರೆದೆ?"

ಅರ್ಥ ಹೇಳಿದೆ. ಅವರು ಯಂತ್ರದ ಬಾಗಿಲು ತೆಗೆದು ಹಾಸಿಗೆ ಬಟ್ಟೆ ಎಳೆದರು. ಒಂದು ಕೊನೆ ನನಗೆ ಕೊಟ್ಟರು. ಇಬ್ಬರೂ ಹಿಡಿದು ಮಡಚುವಾಗ ಹೇಳಿದರು.

"ನನ್ನ ದೊಡ್ಡ ಪಾತ್ರ ಅಂಚೆಯಲ್ಲಿ ನಡೀತು, ಸಿಸಿ. ಇಪ್ಪತ್ತು ವರ್ಷ. ಪ್ರೇಕ್ಷಕ ಒಬ್ಬರೇ, ಅಪ್ಪ. ಅವರಿಗೆ ನಾನು ಮಾಷ್ಟ್ರಾಗಬೇಕಿತ್ತು. ಮುಖಕ್ಕೆ ಬಣ್ಣ ಬಳ್ಕೊಂಡು ಕುಣೀತೀನಿ ಅಂತ ಹೇಗೆ ಬರೀಲಿ? ಮಾಷ್ಟ್ರಾಗಿದ್ದೇನೆ ಅಂತ ಬರೆದೆ. ಅವರು ಪ್ರತಿ ಕಾಗದದಲ್ಲೂ ಕೇಳೋರು, ಈ ವರ್ಷ ಎಷ್ಟು ಮಂದಿ ಪಾಸಾದರು ಅಂತ. ಎಲ್ಲರೂ ಅಂತ ಬರೀತಿದ್ದೆ."

"ಅಪ್ಪನಿಗೆ ಗೊತ್ತಾಯಿತಾ?"

"ಗೊತ್ತಾಗೋ ಮೊದಲು ಹೋದರು. ಅಥವಾ ಗೊತ್ತಿದ್ದೇ ಕೇಳ್ತಿದ್ರೋ." ಬಟ್ಟೆಯ ಅಂಚು ಅಂಚಿಗೆ ಕೂಡಿಸಿ, "ನೀನು ಪಾಸಾದರೆ ಆ ಕಾಗದ ಇಲ್ಲಿಗೆ ತಾ. ಒಂದು ಸಲ ಕೈಯಲ್ಲಿ ಹಿಡೀಬೇಕು. ಎಷ್ಟು ಭಾರ ಇರುತ್ತೆ ನೋಡ್ತೀನಿ," ಎಂದರು.

ಏಪ್ರಿಲಿನ ಒಂದು ಗುರುವಾರ ಒಂದು ಗಂಟೆಗೆ ಇಳಿದು ಹೋದೆ. ಕೋಣೆ ಖಾಲಿ. ಹಲಗೆಯ ಮೇಲೆ ಅವರ ಬೀಗದ ತುಂಡು ಇತ್ತು, ಅವರಿರಲಿಲ್ಲ. ಅರ್ಧ ಗಂಟೆ ಕಾದೆ. ಮೇಲೆ ಹೋಗಿ ಬೆಲ್ ಮಾಡಿದೆ. ಬಾಗಿಲ ಕಿಂಡಿಯೊಳಗೆ ಮೂರು ದಿನದ ಪತ್ರಿಕೆ, ಜಾಹೀರಾತು ಕಾಗದಗಳು ಹಾಗೇ ಬಿದ್ದಿದ್ದವು. ಕಟ್ಟಡದ ಆಫೀಸಿಗೆ ಫೋನ್ ಮಾಡಿ ಬಾಗಿಲು ತೆಗೆಸಿದೆ. ಕುರ್ಚಿಯಲ್ಲಿ ಕೂತ ಹಾಗೇ ಇದ್ದರು. ಹೃದಯ ಎಂದರು ಡಾಕ್ಟರು. ಸೋಮವಾರವೇ ಹೋಗಿರಬೇಕು ಎಂದರು. ಸೋಮವಾರದಿಂದ ಗುರುವಾರದವರೆಗೆ ಯಾರೂ ಅವರನ್ನು ಹುಡುಕಿರಲಿಲ್ಲ. ಗುರುವಾರ ಅನ್ನುವುದೊಂದು ಇಲ್ಲದೆ ಇದ್ದಿದ್ದರೆ ಎಷ್ಟು ದಿನವಾಗುತ್ತಿತ್ತೋ. ಬುಟ್ಟಿ ಬಾಗಿಲ ಹತ್ತಿರ ಸಿದ್ಧವಿತ್ತು. ಒಳಗೆ ಮಡಚಿದ ಹಾಸಿಗೆ ಬಟ್ಟೆ.

ಅಂತ್ಯಕ್ರಿಯೆಗೆ ಹನ್ನೊಂದು ಜನ ಬಂದಿದ್ದರು, ನಾನು, ಗಂಡ, ಮಗಳು ಸೇರಿ. ಪಾದ್ರಿಣಿ ಅವರನ್ನು ಬೈಬಲ್ಲಿನ ಹೆಸರಿನಿಂದ ಕರೆದಳು. ತಪ್ಪಲ್ಲ, ದಾಖಲೆಯಲ್ಲಿ ಅದೇ ಇತ್ತು. ಹೂವಿಡುವಾಗ ನಾನು ನಿಜವಾದ ಹೆಸರು ಹೇಳಿದೆ. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿ ನನ್ನ ಭುಜ ತಟ್ಟಿದಳು. ನಾನು ಮರುಗಿ ಲೊಚಗುಟ್ಟಿದೆ ಎಂದುಕೊಂಡಿರಬೇಕು. ಅದೂ ಪೂರ್ತಿ ತಪ್ಪಲ್ಲ.

ಅದಾಗಿ ವಾರಕ್ಕೆ ಪರೀಕ್ಷೆ. ಅದೇ ಪರೀಕ್ಷಕಿ, ಅದೇ ಮೇಜು. ಬೇರೆ ರೋಗಿ, ಬೇರೆ ಪ್ರಶ್ನೆಗಳು. ನಾನು ಅವಳ ತಲೆಯ ಮೇಲಿಂದ ಹಿಂದಿನ ಗೋಡೆಗೆ, ಕೊನೆಯ ಸಾಲಿನ ಅಜ್ಜಿಗೆ ಹೇಳಿದೆ. ಶುಪ್ ಎಂದಳು. ಬದಲಿಸಲಿಲ್ಲ. ಮತ್ತೆ ಶುಪ್. ಮುಂದೆ ಹೋದೆ. ಹೀಗೆ ನಲವತ್ತು ನಿಮಿಷ.

ಜೂನಿನಲ್ಲಿ ಸಮಾರಂಭ. ವೇದಿಕೆಯಿಂದ ಯಲಯಾ ಎಂದು ಕರೆದರು. ಮಗಳು ಪಕ್ಕದಿಂದ ತಿವಿದು "ಅಮ್ಮಾ, ದೆತ್ ಆರ್ ದೂ," ಎಂದಳು, ಅದು ನೀನೇ ಎಂದು. ಪದಕ ಚುಚ್ಚಿ, ಕಾಗದ ಕೈಗಿತ್ತರು. ಸಂಜೆ ಅಮ್ಮನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, "ಇದರಲ್ಲಿ ನಿನ್ನ ಅಪ್ಪನ ಹೆಸರು ಎಲ್ಲಿದೆ?" ಎಂದಳು. ಇಲ್ಲಿ ಹಾಕುವುದಿಲ್ಲ ಎಂದೆ. ಲೊಚಗುಟ್ಟಿದಳು. ಆ ಶಬ್ದ ಕೇಳಿ ನಾನು ಯಾಕೆ ಅತ್ತೆ ಎಂದು ಅವಳಿಗೆ ತಿಳಿಯಲಿಲ್ಲ.

ಅವರ ಬೀಗದ ತುಂಡು ಹಲಗೆಯ ಮೇಲೆ ಹಾಗೇ ಇತ್ತು. ಕೀಲಿ ಇಲ್ಲದೆ ತೆಗೆಯಲಾಗದು. ಗುರುವಾರ ಮಧ್ಯಾಹ್ನದ ಹೊತ್ತನ್ನು ಯಾರೂ ಮುಟ್ಟಲಿಲ್ಲ. ಯಾರದೋ ಎಂದು ಬಿಟ್ಟರು. ಯಂತ್ರಗಳು ಸುಮ್ಮನೆ ಇರುತ್ತಿದ್ದವು. ನಾನೂ ಬುಧವಾರಕ್ಕೆ ಬದಲಾಯಿಸಿಕೊಂಡೆ.

ಜೂನ್ ಮುಗಿಯುತ್ತ ಬಂದಾಗ ಅವರ ಅಕ್ಕ ಬಂದರು. ವೀಸಾ ತಡವಾಗಿ ಸಿಕ್ಕಿ ಅಂತ್ಯಕ್ರಿಯೆಗೆ ಬರಲಾಗಿರಲಿಲ್ಲ. ಬೂದಿಯನ್ನು ಊರಿಗೆ ಒಯ್ಯಲು, ಮನೆ ಖಾಲಿ ಮಾಡಲು ಬಂದಿದ್ದರು. ಎಪ್ಪತ್ತು ದಾಟಿದ ಸಣ್ಣ ಹೆಂಗಸು, ತಲೆಗೆ ಹೆಣೆದ ಟೊಪ್ಪಿ. ನಾನು ಚಹಾ ತೆಗೆದುಕೊಂಡು ಹೋದಾಗ ಕೋಣೆಯ ತುಂಬ ನಾಟಕದ ಭಿತ್ತಿಪತ್ರಗಳನ್ನು ಹರಡಿಕೊಂಡು ನೆಲದ ಮೇಲೆ ಕೂತಿದ್ದರು. ಒಂದರಲ್ಲಿ ಅವರ ತಮ್ಮ ಕಿರೀಟ ಇಟ್ಟುಕೊಂಡಿದ್ದರು.

"ಪುಸ್ತಕಗಳನ್ನೆಲ್ಲ ನೋಡಿದೆ. ಒಂದು ಹಾಜರಿ ಪುಸ್ತಕ ಇಲ್ಲ. ಇವನ ಶಾಲೆ ಎಲ್ಲಿತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಾವು ನಾಟಕದ ಸುದ್ದಿ ಯಾರದೋ ಬಾಯಲ್ಲಿ ಕೇಳಿದ್ವಿ. ರಜೆಯಲ್ಲಿ ಮಾಡ್ತಾನೇನೋ ಅಂದುಕೊಂಡ್ವಿ." ಕೀಲಿಗೊಂಚಲು ನನ್ನ ಮುಂದೆ ಹಿಡಿದರು. ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದರು. ಅದೇನೆಂದು ನಾನು ಹೇಳಬೇಕಾಗಿರಲಿಲ್ಲ. "ಎಲ್ಲ ಕೀಲಿಯೂ ಕೂತವು. ಈ ಸಣ್ಣದು ಯಾವುದಕ್ಕೂ ಕೂರಲ್ಲ. ಶಾಲೆಯದ್ದಾ?"

"ಬನ್ನಿ," ಎಂದೆ.

ಮೆಟ್ಟಿಲಿಳಿಸಿ ನೆಲಮಾಳಿಗೆಗೆ ಕರೆದುಕೊಂಡು ಹೋದೆ. ಹಲಗೆಯಲ್ಲಿ ಅವರ ಮನೆ ನಂಬರಿನ ತುಂಡು ತೋರಿಸಿದೆ. ಅಕ್ಕ ಕೀಲಿ ಹಾಕಿ ತಿರುಗಿಸಿದರು. ಅದು ಕಳಚಿ ಅಂಗೈಗೆ ಬಂತು. ಮೂರು ಯಂತ್ರ, ಒಂದು ಬೆಂಚು, ಒಣಗಿಸುವ ಬೀರು. ಸುತ್ತ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡು ಅವರ ಮುಖ ಬಿಗಿಯಿತು.

ಒಂದು ನಿಮಿಷ ಎಂದು ಮೇಲಕ್ಕೆ ಓಡಿ ನನ್ನ ಪ್ರಮಾಣಪತ್ರ ತಂದು ಅವರ ಕೈಗೆ ಕೊಟ್ಟೆ. ಎಲ್ಲಿ ನಿಂತು ಓದುತ್ತಿದ್ದೆ, ಮಾಷ್ಟ್ರು ಎಲ್ಲಿ ಕೂರುತ್ತಿದ್ದರು, ಅಜ್ಜಿ ಬಸ್ಸಿಗೆ ಎದ್ದು ಹೋಗುತ್ತಿದ್ದದ್ದು, ಎಲ್ಲ ಹೇಳಿದೆ. ಈ ಕಾಗದವನ್ನು ಒಮ್ಮೆ ಹಿಡಿಯಬೇಕು ಎಂದಿದ್ದರು ಎಂದೆ.

ಅಕ್ಕ ಬೆಂಚಿನಲ್ಲಿ, ಅವರು ಕೂರುತ್ತಿದ್ದ ಕಡೆಯೇ ಕೂತರು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳಿಟ್ಟು ನನ್ನ ಹೆಸರು ಓದಿದರು. ಜಲಜಾ. ಸರಿಯಾಗಿ, ಎರಡೂ ಜಕಾರದೊಂದಿಗೆ. ಆಮೇಲೆ ತಮ್ಮನ ಹೆಸರು ಹೇಳಿದರು, ಯಾರನ್ನೋ ಕರೆಯುವ ಹಾಗೆ, ಮೆಲ್ಲಗೆ. ಆ ಶಬ್ದ ಆ ಕೋಣೆಯಲ್ಲಿ ಅಷ್ಟು ಸ್ಪಷ್ಟವಾಗಿ ಕೇಳಿಸಿತು.

"ಅಪ್ಪ ಕಾಗದ ಬರೆಯುವಾಗ ಪಕ್ಕದಲ್ಲಿ ನಾನೇ ಕೂರ್ತಿದ್ದೆ," ಎಂದರು. "ಎಷ್ಟು ಮಂದಿ ಪಾಸಾದರು ಅಂತ ಪ್ರತಿ ಸಲ ಕೇಳೋರು. ಇವನು ಎಲ್ಲರೂ ಅಂತ ಬರೆದರೆ ಓದಿ ಮಡಚಿಡೋರು. ಎಲ್ಲರೂ ಪಾಸಾಗೋ ಶಾಲೆ ಎಲ್ಲಿದೆ? ಅವರೂ ಮಾಷ್ಟ್ರೇ ಅಲ್ವಾ." ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟರು. "ಬೂದಿ ಅಪ್ಪನ ಪಕ್ಕದಲ್ಲೇ ಇಡ್ತೇವೆ. ಆವತ್ತು ಹೇಳ್ತೇನೆ ಅವರಿಗೆ. ಈ ವರ್ಷ ಒಬ್ಬಳು, ಅಂತ."